ಆಗ್ನೇಯಕ್ಕೆ ಮುಖ ಮಾಡಿದವರು

ಹತ್ತು ಅಡಿ ಮೂರು ಇಂಚು. ನಮ್ಮ ಹಿತ್ತಲಿನಾಚೆಯ ಕಬ್ಬಿನ ಎತ್ತರ ಅಷ್ಟು. ತುದಿಯ ಹೂಗೊಂಚಲು, ಸೂಲಂಗಿ, ಸೇರಿಸಿದರೆ ಇನ್ನೂ ಹೆಚ್ಚಾಗುತ್ತದೆ. ಆದರೆ ಸೂಲಂಗಿ ಗಾಳಿಗೆ ಬಾಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಳೆದದ್ದು ನಾನೇ. ಅವ್ವನ ಹೊಲಿಗೆಯ ಟೇಪನ್ನು ಬಿದಿರಿನ ಕೋಲಿಗೆ ಕಟ್ಟಿ, ಕಾಲೇಜಿಗೆ ಹೊರಟ ಸೀರೆಯಲ್ಲೇ ಬದುವಿನ ಮೇಲೆ ತುದಿಗಾಲಲ್ಲಿ ನಿಂತು ಅಳೆದೆ. ಹೊಲಿಗೆಯ ಟೇಪು ಐದು ಅಡಿಗೆ ಮುಗಿದುಹೋಗುತ್ತದೆ ಎಂಬುದು ಅರ್ಧ ದಾರಿಯಲ್ಲಿ ಗೊತ್ತಾಯಿತು. ವಿಜ್ಞಾನದಲ್ಲಿ ಇಂಥ ಅಡಚಣೆಗಳು ಸಹಜ.

ಕಬ್ಬಿನ ಎತ್ತರ ಯಾಕೆ ಬೇಕಾಯಿತೆಂದರೆ, ಅದರ ಹಿಂದೆ ಆಗ್ನೇಯ ದಿಕ್ಕು ಇತ್ತು. ಆ ದಿಕ್ಕಿನಲ್ಲಿ, ಭೋಜದ ನಮ್ಮ ಮನೆಯಿಂದ ಹತ್ತಿರ ಹತ್ತಿರ ಏಳುನೂರು ಕಿಲೋಮೀಟರು ದೂರದಲ್ಲಿ, ಶ್ರೀಹರಿಕೋಟಾ ಇದೆ. ಅಲ್ಲಿಂದ ಶುಕ್ರವಾರ ಸಂಜೆ ಒಂದು ರಾಕೆಟ್ ಹಾರುವುದಿತ್ತು. ಅಲ್ಲಿ ವನಜಾ ಇದ್ದಳು.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ನಾನೂ ವನಜಾಳೂ ಒಂದೇ ಕೋಣೆಯಲ್ಲಿದ್ದೆವು. ರಾಕೆಟ್ ಹಾರುವ ದಿನ ಹಾಸ್ಟೆಲಿನ ತಾರಸಿಗೆ ಹೋಗಿ, ಒಂದೇ ಇಯರ್‌ಫೋನಿನ ಒಂದೊಂದು ತುದಿಯನ್ನು ಒಬ್ಬೊಬ್ಬರು ಕಿವಿಗೆ ಸಿಕ್ಕಿಸಿಕೊಂಡು ಅವಳ ಮೊಬೈಲಿನಲ್ಲಿ ನೋಡುತ್ತಿದ್ದೆವು. ಎಣಿಕೆ ಸೊನ್ನೆಗೆ ಬರುವಾಗ ಅವಳು ನನ್ನ ಮಣಿಕಟ್ಟು ಹಿಡಿಯುತ್ತಿದ್ದಳು. ಒಂದು ದಿನ ಅಲ್ಲಿಗೇ ಹೋಗಿ, ಕಣ್ಣಾರೆ ನೋಡುವುದೆಂದು ಮಾತಾಗಿತ್ತು. ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆಂಬುದು ನಮಗೆ ಬಾಯಿಪಾಠವಾಗಿತ್ತು: ಜನರಿಗೆಂದೇ ಕಟ್ಟಿದ ಗ್ಯಾಲರಿ, ಸರೋವರದ ನಡುವೆ ಹಾಯ್ದುಹೋಗುವ ರಸ್ತೆ, ಅದಿಲ್ಲದಿದ್ದರೆ ಹತ್ತಿರದ ಊರಿನಲ್ಲಿ ಯಾರದಾದರೂ ತಾರಸಿ. ಇಬ್ಬರೂ ಕೆಲಸಕ್ಕೆ ಅರ್ಜಿ ಹಾಕಿದೆವು. ಅವಳು ಅಲ್ಲಿಗೆ ಹೋದಳು. ನಾನು ಚಿಕ್ಕೋಡಿಯ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದೆ. ಜಗಳವೇನೂ ಆಗಲಿಲ್ಲ. ವಾರಕ್ಕೊಮ್ಮೆ ಇದ್ದ ಫೋನು ತಿಂಗಳಿಗೊಮ್ಮೆ ಆಯಿತು, ಆಮೇಲೆ ದೀಪಾವಳಿಗೆ ದೀಪದ ಚಿತ್ರ ಕಳಿಸುವುದಷ್ಟೇ ಉಳಿಯಿತು. ಇಂಥದ್ದಕ್ಕೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯುವುದಿಲ್ಲ. ಅದೇ ಕಷ್ಟ.

ಆ ವಾರ, ಹಬ್ಬವೇನೂ ಇಲ್ಲದೆ, ಅವಳಿಂದ ಒಂದು ಸಂದೇಶ ಬಂತು. "ಶುಕ್ರವಾರ ಸಂಜಿಮುಂದ ಹಾರಸ್ತೇವಿ. ಹೊತ್ತ ಮುಳಗಿದ ಮ್ಯಾಲ ಐತಿ. ಮುಗಿಲ ಸ್ವಚ್ಛ ಇದ್ರ ನಿಮ್ಮೂರಾಗೂ ಕಾಣಬೇಕ. ನೋಡಿ ಹೇಳ."

ನೋಡಿ ಹೇಳಬೇಕು. ಇಷ್ಟೇ ಕೆಲಸ. ಇಷ್ಟು ಸಣ್ಣ ಕೆಲಸವನ್ನು ನನಗೆ ಯಾರಾದರೂ ಒಪ್ಪಿಸಿ ಎಷ್ಟು ಕಾಲವಾಗಿತ್ತೋ!

ಗ್ಯಾಲರಿಯ ಜಾಗಗಳು ನಾನು ನೋಡುವಷ್ಟರಲ್ಲಿ ತುಂಬಿಹೋಗಿದ್ದವು. ಖಾಲಿ ಇದ್ದಿದ್ದರೂ ಅತಿಥಿಗೆ ರಜೆ ಕೊಡುವ ಪದ್ಧತಿ ನಮ್ಮ ಕಾಲೇಜಿನಲ್ಲಿಲ್ಲ. ಆದ್ದರಿಂದ ಇಲ್ಲಿಂದಲೇ ನೋಡುವುದೆಂದು ತೀರ್ಮಾನಿಸಿದೆ. ರಾಕೆಟ್ ನೆಲ ಬಿಡುವುದು ನಮಗೆ ಕಾಣುವುದಿಲ್ಲ, ಭೂಮಿ ದುಂಡಗಿದೆ. ಆದರೆ ಅದು ಸಾಕಷ್ಟು ಮೇಲೇರಿದಾಗ ನಮ್ಮಲ್ಲಿ ಮಬ್ಬುಗತ್ತಲಾಗಿದ್ದು, ಅಷ್ಟೆತ್ತರದಲ್ಲಿ ಇನ್ನೂ ಬಿಸಿಲಿದ್ದರೆ, ಅದರ ಹೊಗೆ ಬೆಳ್ಳಗೆ ಹೊಳೆಯುತ್ತದೆ. ಕೈ ಚಾಚಿ ಮೂರು ಬೆರಳು ಅಡ್ಡ ಹಿಡಿದರೆ ಎಷ್ಟೋ ಅಷ್ಟು, ನೆಲದ ಅಂಚಿನಿಂದ ಮೇಲೆ. ಕಾಗದದ ಮೇಲೆ ಇದರಲ್ಲಿ ಯಾವ ತೊಂದರೆಯೂ ಇರಲಿಲ್ಲ. ನನ್ನ ತೊಂದರೆಗಳೆಲ್ಲ ಕಾಗದದಿಂದ ಕೆಳಗಿಳಿದ ಮೇಲೆಯೇ ಶುರುವಾಗುತ್ತವೆ.

ಮೊದಲನೆಯ ತೊಂದರೆ ಕಬ್ಬು. ನಮ್ಮ ಕಡೆ ಚಳಿಗಾಲದಲ್ಲಿ ದಿಗಂತವೆಂಬುದು ಇರುವುದಿಲ್ಲ, ಕಬ್ಬು ಇರುತ್ತದೆ. ಹಿತ್ತಲ ಕಡೆಯ ಒಂದು ಮೂಲೆಯನ್ನು ಶುಕ್ರವಾರದೊಳಗೆ ಕಡಿಸಲು ಸಾಧ್ಯವೇ ಎಂದು ಅಪ್ಪನನ್ನು ಕೇಳಿದೆ. ಕಾರಣ ಹೇಳಲಿಲ್ಲ. ಅಪ್ಪ ಚಹಾದ ಬಸಿ ಕೆಳಗಿಟ್ಟು ನನ್ನನ್ನೇ ನೋಡಿದ. "ಕಾರ್ಖಾನಿ ಪಾಳಿ ಬರಲಾರದ ಕಬ್ಬಿಗಿ ಕೊಯ್ತಾ ಹಚ್ಚಾಕ ದೇವರು ಹೇಳಿದ್ರೂ ಆಗಾಂಗಿಲ್ಲ, ತಂಗಿ. ನೀ ಯಾರ?" ಎಂದು ಮತ್ತೆ ಬಸಿ ಎತ್ತಿಕೊಂಡ.

ಎರಡನೆಯದು ನಮ್ಮ ತಾರಸಿ. ಅಲ್ಲಿಂದ ಕಬ್ಬಿನ ಮೇಲೆ ನೋಟ ಹಾಯುತ್ತದೆ, ಆದರೆ ಸರಿಯಾಗಿ ಆಗ್ನೇಯಕ್ಕೆ ಪಕ್ಕದ ಮನೆಯ ಕಮಲಕ್ಕ ಹೊಸದಾಗಿ ಎಬ್ಬಿಸಿದ ಮೇಲ್ಮಹಡಿ ಇದೆ. ಶುಕ್ರವಾರ ಸಂಜೆ ನಿಮ್ಮ ಮಾಳಿಗೆ ಹತ್ತಬಹುದೇ ಎಂದು ಅವರನ್ನು ಕೇಳಿದೆ. ಯಾಕೆ ಎಂದರು. ಸುಮ್ಮನೆ ಎಂದೆ. ಇಪ್ಪತ್ತಾರು ವರ್ಷದ ಹುಡುಗಿ ಸಂಜೆಯ ಹೊತ್ತು ಬೇರೆಯವರ ಮಾಳಿಗೆಯ ಮೇಲೆ ಸುಮ್ಮನೆ ನಿಲ್ಲುವುದಿಲ್ಲವೆಂದು ನನಗೆ ಆಗ ಹೊಳೆಯಲಿಲ್ಲ. ಕಮಲಕ್ಕನಿಗೆ ಕೂಡಲೇ ಹೊಳೆಯಿತು.

ಆಮೇಲೆ ಸಾರ್ವಜನಿಕ ಜಾಗಗಳ ಶೋಧ. ಕಾಲೇಜಿನಿಂದ ಬರುವಾಗ ಸ್ಕೂಟಿ ನಿಲ್ಲಿಸಿ, ಮೊಬೈಲಿನ ದಿಕ್ಸೂಚಿ ಹಿಡಿದು, ಆಗ್ನೇಯಕ್ಕೆ ತಿರುಗಿ, ಮೂರು ಬೆರಳು ಅಡ್ಡ ಚಾಚಿ ಒಂದು ಕಣ್ಣು ಮುಚ್ಚುತ್ತಿದ್ದೆ. ನದಿಯ ದಂಡೆ ತಗ್ಗಿನಲ್ಲಿತ್ತು. ಸೇತುವೆಯ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ನನ್ನನ್ನು ನಿಲ್ಲಗೊಡಲಿಲ್ಲ. ಶಾಲೆಯ ಬಯಲಿಗೆ ಬೇವಿನ ಮರ ಅಡ್ಡ. ಹೀಗೆ ಒಂದು ಹೊಲದ ಬದಿಗೆ ನಿಂತು ಬೆರಳು ಚಾಚಿದ್ದಾಗ, ವಯಸ್ಸಾದ ಒಬ್ಬ ರೈತರು ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತರು. ನನ್ನ ಬೆರಳನ್ನು ನೋಡಿದರು. ಅದು ತೋರಿಸುತ್ತಿದ್ದ ತಮ್ಮ ಹೊಲವನ್ನು ನೋಡಿದರು.

"ಮೇಡಂ, ರೋಡ ಇಲ್ಲಿಂದನ ಹೊಂಟೈತೇನ್ರಿ?"

ಯಾವ ರಸ್ತೆಯೂ ಇಲ್ಲ ಎಂದೆ. ಸರ್ವೆಯವರು ಯಾವಾಗಲೂ ಹಾಗೇ ಹೇಳುತ್ತಾರೆಂದು ಅವರು ನಿಟ್ಟುಸಿರು ಬಿಟ್ಟರು. ಮರುದಿನದೊಳಗೆ ಊರಿನಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದ ಪ್ರಕಾರ ನಾನು ಹೆದ್ದಾರಿಗೆ ಜಮೀನು ಗುರುತು ಮಾಡುತ್ತಿದ್ದೆ. ಕಮಲಕ್ಕನ ಪಕ್ಷದ ಪ್ರಕಾರ ನಾನು ಯಾರಿಗೋ ಕಾಯುತ್ತಿದ್ದೆ. ಎರಡನೆಯ ಪಕ್ಷ ಅಷ್ಟೇನೂ ತಪ್ಪಿರಲಿಲ್ಲ. ಅದನ್ನು ಅವರಿಗೆ ವಿವರಿಸುವ ಅಗತ್ಯ ಕಾಣಲಿಲ್ಲ.

ಇಷ್ಟರಲ್ಲಿ ಜಾಗ ಸಿಕ್ಕಿತ್ತು. ಚಿಕ್ಕೋಡಿಯ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಒಂದು ಮಡ್ಡಿ ಇದೆ. ಬರೀ ಕಲ್ಲು, ಕುರುಚಲು ಹುಲ್ಲು; ನೀರು ಏರದ್ದರಿಂದ ಕಬ್ಬೂ ಏರಿಲ್ಲ. ಅಲ್ಲಿ ನಿಂತರೆ ಆಗ್ನೇಯ ಬಯಲಾಗಿ ತೆರೆದುಕೊಳ್ಳುತ್ತದೆ. ಮೊದಲ ಸಲ ಅಲ್ಲಿ ನಿಂತಾಗ ನಾನು ಬೆರಳು ಚಾಚುವುದನ್ನು ಮರೆತೆ. ಅಷ್ಟು ದೂರ ನೋಡಿ ಬಹಳ ದಿನವಾಗಿತ್ತು.

ಶುಕ್ರವಾರ ಒಬ್ಬಳೇ ಸ್ಕೂಟಿಯಲ್ಲಿ ಬಂದು, ನೋಡಿ, ಅಲ್ಲಿಂದಲೇ ವನಜಾಳಿಗೆ ಫೋನು ಮಾಡುವುದು. ಸಂದೇಶವಲ್ಲ, ಫೋನು. "ನೋಡ್ದೆ" ಎನ್ನುವುದು. ಮುಂದೆ ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಆ ಒಂದು ಮಾತಿನ ನಂತರ ಉಳಿದವು ತಾವಾಗಿ ಬರುತ್ತವೆಂದು ನಂಬಿದ್ದೆ.

ಬುಧವಾರ ಸಂಜೆ ಅವ್ವ ಬಾಗಿಲಲ್ಲೇ ತಡೆದಳು. ದಿನಾ ಸಂಜೆ ಎಲ್ಲಿ ನಿಂತಿರುತ್ತೀ, ಯಾರ ಸಲುವಾಗಿ ನಿಂತಿರುತ್ತೀ ಎಂದು ಕೇಳಿದಳು. ಹಿಂದೆ ಗೋಡೆಯ ಮೇಲಿನಿಂದ ಕಮಲಕ್ಕನ ಅರ್ಧ ಮುಖ ಕಾಣುತ್ತಿತ್ತು. ರಾಕೆಟ್ ಎಂದೆ. ಹಾರಿಸುವಲ್ಲಿ ನನ್ನ ಗೆಳತಿಯೊಬ್ಬಳು ಇದ್ದಾಳೆ, ಆಗ್ನೇಯಕ್ಕೆ ಕಾಣುತ್ತದಂತೆ ಎಂದಷ್ಟು ಸೇರಿಸಿದೆ. ಅವ್ವನ ಮುಖದಲ್ಲಿ ಮೊದಲು ನಿರಾಳ ಬಂತು, ಆಮೇಲೆ ಸ್ವಲ್ಪ ನಿರಾಸೆಯೂ ಬಂದಂತೆ ನನಗನ್ನಿಸಿತು.

"ಆಗ್ನೇಯ ಅಂದ್ರ ಅಡಿಗಿಮನಿ ದಿಕ್ಕಲ್ಲ?" ಎಂದಳು. ನಮ್ಮ ಮನೆಯಲ್ಲಿ ಆಗ್ನೇಯಕ್ಕೆ ಇರುವ ಅರ್ಥ ಅದೊಂದೇ. ಒಲೆ ಇರುವ ಮೂಲೆ. ರಾಕೆಟ್ಟೂ ಬೆಂಕಿಯದೇ ಆದ್ದರಿಂದ ಸರಿಯಾದ ದಿಕ್ಕಿನಲ್ಲೇ ಹಾರುತ್ತಿದೆ ಎಂದು ಅಪ್ಪನ ತಮ್ಮ, ನಮ್ಮ ಕಾಕಾ, ಒಪ್ಪಿಗೆ ಕೊಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತಮ್ಮ ಮೂರು ಗಾಲಿಯ ಟಂಟಂ ಶುಕ್ರವಾರ ಖಾಲಿ ಇದೆ, ಎಲ್ಲರೂ ಹೋಗೋಣ ಎಂದರು. ಅವ್ವ ಬುತ್ತಿ ಕಟ್ಟುತ್ತೇನೆಂದಳು. ಕಾಕಾನ ಹೆಂಡತಿ ಕಾಕು ಜಮಖಾನೆ ತರುತ್ತೇನೆಂದಳು. ಗೋಡೆಯ ಮೇಲಿನ ಅರ್ಧ ಮುಖ ತಾನೂ ಬರುವುದಾಗಿ ಹೇಳಿತು. ಒಳಗಿನಿಂದ ಆಯಿ, ಅಂದರೆ ಅಪ್ಪನ ತಾಯಿ, ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡವಳು, "ಕಣ್ಣ ಮಾಡ್ಸಿದ ಮ್ಯಾಲ ಏನೂ ನೋಡೇ ಇಲ್ಲ ನಾ, ಬರೇ ನಿಮ್ಮ ಮಾರಿ ನೋಡೂದ ಆಗೇತಿ" ಎಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಚಿಕ್ಕವರು ಅಷ್ಟಿಷ್ಟು ಸಡಿಲ ಮಾಡಿಕೊಂಡಿದ್ದೇವೆ. ಆಯಿ ಮಾತ್ರ ಸೂರ್ಯ ಮುಳುಗಿದರೆ ಮರುದಿನ ಮೂಡುವ ತನಕ ಗುಟುಕು ನೀರನ್ನೂ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ಶುರುವಾದ ಮೇಲೂ ಈ ನಿಯಮ ಬದಲಾಗಿಲ್ಲ. ಇನ್ನೊಂದು ನಿಯಮ, ಊಟಕ್ಕೆ ಮೂಡಲಕ್ಕೆ ಮುಖ ಮಾಡಿ ಕೂಡಬೇಕು. ನಾನು ತಟ್ಟೆ ಹಿಡಿದು ಎಲ್ಲಿ ಬೇಕಲ್ಲಿ ಕೂರುವವಳು. "ಮೂಡಲಕ ಮಾರಿ ಮಾಡ ಬೇ" ಎಂದು ಆಯಿ ನನಗೆ ಹೇಳುತ್ತಲೇ ಬಂದಿದ್ದಾಳೆ, ನಾನು ಕೇಳದೆಯೇ ಬಂದಿದ್ದೇನೆ.

ಆದರೂ ನನ್ನ ಆತ್ಮವಿಶ್ವಾಸ ಕುಗ್ಗಲಿಲ್ಲ. ಸ್ವತಃ ಕಾರ್ಯಕ್ರಮ ರೂಪಿಸಿದೆ. ಬೇಗ ಹೊರಟು, ಬಿಸಿಲಿರುವಾಗಲೇ ಮಡ್ಡಿ ತಲುಪುವುದು. ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ. ಆಮೇಲೆ ಆರಾಮಾಗಿ ಆಗ್ನೇಯಕ್ಕೆ ತಿರುಗಿ ಕುಳಿತು ರಾಕೆಟ್ ನೋಡುವುದು. ಧರ್ಮಕ್ಕೂ ವಿಜ್ಞಾನಕ್ಕೂ ಇಷ್ಟು ಚೆಂದದ ಹೊಂದಾಣಿಕೆ ಹಿಂದೆ ಯಾರಾದರೂ ಮಾಡಿದ್ದರೇ? ಮನೆಯಲ್ಲೇ ಉಂಡು ಹೊರಡೋಣವೆಂದು ಅವ್ವ ಹೇಳಿದ್ದಳು. ಅಗತ್ಯವಿಲ್ಲ ಎಂದವಳು ನಾನು.

ಶುಕ್ರವಾರ ಮುಗಿಲು ತೊಳೆದಿಟ್ಟಂತಿತ್ತು. ಹೊಲಕ್ಕೆ ನೀರು ಬಿಡುವುದಿದೆಯೆಂದು ಅಪ್ಪನೊಬ್ಬ ಬರಲಿಲ್ಲ. ಟಂಟಂ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಎರಡು ಟ್ರೇಲರ್ ಜೋಡಿಸಿದ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕಿತು. ರಸ್ತೆಯಷ್ಟೇ ಅಗಲವಾಗಿ ಹೇರಿದ್ದರು. ಡ್ರೈವರ್ ಹಾಡು ಹಚ್ಚಿದ್ದ, ಎಷ್ಟು ಜೋರಾಗಿ ಎಂದರೆ ಕಾಕಾನ ಹಾರ್ನು ಅದರ ತಾಳದ ಭಾಗವೆಂದು ಅವನಿಗನ್ನಿಸಿರಬೇಕು. ಕಾರ್ಯಕ್ರಮದಲ್ಲಿ ಭೂಮಿಯ ದುಂಡುತನ, ಗಾಳಿ, ತೇವ ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಟ್ರ್ಯಾಕ್ಟರನ್ನು ಹಾಕಿರಲಿಲ್ಲ. ಹುಟ್ಟಿದಾಗಿನಿಂದ ಈ ಸೀಮೆಯಲ್ಲಿದ್ದೇನೆ.

ಮಡ್ಡಿ ತಲುಪಿದಾಗ ಸೂರ್ಯ ನೆಲದ ಅಂಚಿನ ಹತ್ತಿರವಿದ್ದ. ಜಮಖಾನೆ ಹಾಸುವುದರೊಳಗೆ ಇನ್ನೂ ಹತ್ತಿರ ಬಂದ. ಆಯಿಯನ್ನು ಕೈಹಿಡಿದು ಇಳಿಸಿ ಕೂರಿಸಿದೆವು. ಮಂಡಿ ನೋವಿನ ಆಯಿ ಒಮ್ಮೆ ಕುಳಿತರೆ ಮುಗಿಯಿತು, ತಿರುಗುವುದಿಲ್ಲ. ಮೂಡಲಕ್ಕೆ ಮುಖ ಮಾಡಿ ಕುಳಿತಳು. ಅವ್ವ ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಆಯಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಹೇಳಿಕೊಂಡಳು, ಎಂದಿನಂತೆ ಒಂದಕ್ಷರವನ್ನೂ ಅವಸರ ಮಾಡದೆ. ಕಣ್ಣು ತೆರೆದು ರೊಟ್ಟಿ ಮುರಿದಳು. ಕೈ ಅಲ್ಲೇ ನಿಂತಿತು.

"ಹೊತ್ತ ಐತೇನ ಇನ್ನಾ?"

ಐತಿ, ಐತಿ, ಉಣ್ಣ ಎಂದು ಅವ್ವ ಹೇಳಿದಳು. ಸೊಸೆ ನಡುರಾತ್ರಿಯಲ್ಲೂ ಹಾಗೇ ಹೇಳುವವಳೆಂದು ಆಯಿ ಅವಳನ್ನು ನಂಬಲಿಲ್ಲ. ಕಾಕಾ ಹೇಳಿದರು, ಮಗನನ್ನೂ ನಂಬಲಿಲ್ಲ. ರೊಟ್ಟಿಯ ಚೂರು ಹಿಡಿದುಕೊಂಡೇ ನನ್ನನ್ನು ಕರೆದಳು. "ನೀ ಬಾ ಬೇ. ನೋಡಿ ಹೇಳ. ನೀ ಸುಳ್ಳ ಹೇಳಾಂಗಿಲ್ಲ."

ನೋಡಿ ಹೇಳು. ಒಂದೇ ವಾರದಲ್ಲಿ ಇಬ್ಬರು ನನಗೆ ಒಪ್ಪಿಸಿದ ಕೆಲಸ.

ಪಶ್ಚಿಮಕ್ಕೆ ತಿರುಗಿ ನೋಡಿದೆ. ಸೂರ್ಯನ ಕೆಳಗಿನ ಅಂಚು ನೆಲಕ್ಕೆ ಆಗತಾನೇ ತಾಗಿತ್ತು. ಇಡೀ ಬಿಂಬ ಕಣ್ಣಿಗೆ ಕಾಣುತ್ತಿತ್ತು. "ಐತಿ" ಎಂಬ ಎರಡಕ್ಷರ ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಆ ವಾರವಷ್ಟೇ ತರಗತಿಯಲ್ಲಿ ಬೆಳಕಿನ ವಕ್ರೀಭವನ ಪಾಠ ಮಾಡಿದ್ದೆ. ಆಯಿ ನನ್ನ ಸತ್ಯವನ್ನು ನಂಬಿ ಕುಳಿತಿದ್ದಳು. ಅರ್ಧ ಸತ್ಯ ಹೇಳಲು ಮನಸ್ಸು ಬರಲಿಲ್ಲ.

"ಕಾಣಾಕತ್ತಾನ, ಆಯಿ. ಆದ್ರ ಖರೇ ಹೇಳಬೇಕಂದ್ರ ಅವ ಆಗಲೇ ಮುಳಗ್ಯಾನ. ಗಾಳ್ಯಾಗ ಬೆಳಕ ಬಾಗತೈತಿ, ಅದಕ್ಕ ಇನ್ನಾ ಮ್ಯಾಲ ಇದ್ದಾಂಗ ಕಾಣ್ತಾನ, ಅಷ್ಟ."

ಆಯಿ ರೊಟ್ಟಿಯ ಚೂರನ್ನು ತಟ್ಟೆಯಲ್ಲಿಟ್ಟಳು. ಕೈ ಒರೆಸಿಕೊಂಡಳು. ಪಶ್ಚಿಮದಲ್ಲಿ ಸೂರ್ಯ ಇಡಿಯಾಗಿ, ಕೆಂಪಗೆ, ನನ್ನ ಮಾತನ್ನು ಸುಳ್ಳು ಮಾಡಲು ಪ್ರಯತ್ನಿಸುತ್ತಿದ್ದ.

ಮುಂದಿನದು ಗದ್ದಲ. ಅವ್ವ ನನ್ನ ಕಡೆ ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. ಎಲ್ಲರೂ ಹೋಗಿ ಆಯಿಯ ಎದುರು ಕುಳಿತು ಬೇಡಿಕೊಂಡರು. ನಾನು ಅವರೆಲ್ಲರಿಗಿಂತ ಮುಂದೆ ಕುಳಿತೆ. ಕಾಣುವುದೇ ಮುಖ್ಯ, ಪುಸ್ತಕದ ಮಾತು ಬಿಡು, ನಿನ್ನ ಕಾಲದಲ್ಲಿ ವಕ್ರೀಭವನ ಎಲ್ಲಿತ್ತು ಎಂದೆ. ಒಮ್ಮೆ ತಿಳಿದ ಮೇಲೆ ತಿಳಿಯದಂತೆ ಇರಲು ಬರುವುದಿಲ್ಲ ಎಂದಳು ಆಯಿ. ಹಾಗೆ ನೋಡಿದರೆ ಅವಳೇ ಪಾಠ ಮಾಡಬೇಕಿತ್ತು. ಈ ವಾದ ನಡೆಯುವಷ್ಟರಲ್ಲಿ ಸೂರ್ಯ ಎಲ್ಲರ ಲೆಕ್ಕದಲ್ಲೂ ಮುಳುಗಿದ.

ಈಗ ಗುಳಿಗೆಯ ಪ್ರಶ್ನೆ. ಊಟವಿಲ್ಲದೆ ಗುಳಿಗೆ ಕೊಡಬೇಕೋ ಬೇಡವೋ? ಮಡ್ಡಿಯ ಮೇಲೆ ನನ್ನ ಮೊಬೈಲಿಗೆ ಮಾತ್ರ ರೇಂಜು ಇತ್ತು. ಕಾಕಾ ಅದನ್ನು ಇಸಿದುಕೊಂಡು ನಿಪ್ಪಾಣಿಯ ಡಾಕ್ಟರಿಗೆ ಹಚ್ಚಿ, ಕಿವಿಗೆ ಒತ್ತಿಕೊಂಡು ಅತ್ತಿತ್ತ ನಡೆಯತೊಡಗಿದರು. ರಾಕೆಟ್ಟಿನ ಸಮಯ, ನಾನು ಇಟ್ಟುಕೊಂಡಿದ್ದ ಅಲಾರಂ, ಎಲ್ಲ ಅವರ ಕಿವಿಯಲ್ಲಿತ್ತು. ಕತ್ತಲು ಮೆಲ್ಲಗೆ ಇಳಿಯುತ್ತಿತ್ತು. ಒಂದು ತುತ್ತು, ಔಷಧಿ ಅಂತ ತಿಳಿದು, ಎಂದು ಅವ್ವ ಗೋಗರೆಯುತ್ತಿದ್ದಳು. ಆಯಿ ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಮ್ಮ ತಲೆಗಳ ಮೇಲಿಂದ ದೂರಕ್ಕೆ ನೋಡುತ್ತಿದ್ದಳು.

"ಅದೇನ ಅದು, ಅಲ್ಲಿ?"

"ಮಾತ ಹಾರಸಬ್ಯಾಡ್ರಿ ಅತ್ತಿ. ಒಂದ ತುತ್ತ ತಗೋರಿ," ಎಂದಳು ಅವ್ವ.

"ಬೆಳ್ಳಗ ಐತಿ. ಹರಡಾಕತ್ತೈತಿ."

ಹಸಿದರೆ ಕಣ್ಣಿಗೆ ಹಾಗೆ ಬೆಳ್ಳಗೆ ಕಾಣುತ್ತದೆಂದು ಕಮಲಕ್ಕ ಗಾಬರಿಯಾದರು. ಸಕ್ಕರೆ ಇಳಿದರೆ ದೃಷ್ಟಿ ಮಂಜಾಗುತ್ತದೆ ಎಂದು ವೈಜ್ಞಾನಿಕವಾಗಿ ಸಮರ್ಥಿಸಿದವಳು ನಾನು. ಆಯಿಯ ಎರಡೂ ಕೈ ಹಿಡಿದು, ಬೆನ್ನನ್ನು ಸರಿಯಾಗಿ ಆಗ್ನೇಯಕ್ಕೆ ಕೊಟ್ಟು, ಕಣ್ಣು ಮುಚ್ಚು, ಆಯಾಸ ಮಾಡಿಕೊಳ್ಳಬೇಡ ಎಂದೆ. ಆಯಿ ಕಣ್ಣು ಮುಚ್ಚಲಿಲ್ಲ.

ಕಾಕಾ ಫೋನು ಮುಗಿಸಿ ಬಂದರು. ಉಣ್ಣದಿದ್ದರೆ ಇವತ್ತು ಗುಳಿಗೆ ಬೇಡ, ಏನಾದರೂ ಅನ್ನಿಸಿದರೆ ಕರೆದುಕೊಂಡು ಬನ್ನಿ, ಇಲ್ಲದಿದ್ದರೆ ಬೆಳಿಗ್ಗೆ ತೋರಿಸಿ ಎಂದಿದ್ದರಂತೆ. ನಡುನಡುವೆ ಅದೇನೋ ಟಿಣ್ ಟಿಣ್ ಎನ್ನುತ್ತಿತ್ತು, ಬಂದ್ ಮಾಡಿದೆ ಎನ್ನುತ್ತ ಮೊಬೈಲನ್ನು ನನ್ನ ಕೈಗಿಟ್ಟರು.

ಸಮಯ ನೋಡಿದೆ. ಆಮೇಲೆ ತಿರುಗಿದೆ. ಆಗ್ನೇಯ ಖಾಲಿ ಇತ್ತು. ನೆಲದ ಅಂಚಿಗೆ ತುಸು ಮೇಲೆ, ಮೂರು ಬೆರಳಿನಷ್ಟು ಎತ್ತರದಲ್ಲಿ, ಮಾಸಿದ ಒಂದು ಬೂದು ಕಲೆ. ಯಾರೋ ಹೊಲದಲ್ಲಿ ಕಬ್ಬಿನ ಒಣಗರಿ, ರವದಿ, ಸುಡುತ್ತಿದ್ದರು. ಅದರದೇ ಹೊಗೆ ಇರಬಹುದು, ಇರಲಿಕ್ಕಿಲ್ಲ. ನಾನು ಬಹಳ ಹೊತ್ತು ನೋಡಿದೆ. ಕಾಕು ಜಮಖಾನೆ ಝಾಡಿಸುತ್ತ, "ಎಲ್ಲೈತಿ ನಿನ್ನ ರಾಕೆಟ್ಟ? ಇನ್ನಾ ಬರಬೇಕೇನ?" ಎಂದು ಕೇಳಿದಳು. ಇನ್ನು ಬರುವುದಿಲ್ಲ ಎಂದೆ.

ಮನೆ ಮುಟ್ಟುವ ದಾರಿಯಲ್ಲಿ ಮೊಬೈಲು ಮಿಣುಕಿತು. ವನಜಾ. "ಕಾಣ್ತಾ?"

ಹೂಂ ಎಂದು ಟೈಪು ಮಾಡಿದೆ. ಅಳಿಸಿದೆ. ಸುಳ್ಳು ಹೇಳುವುದು ಬರದೆ ಇದೇ ಸಂಜೆ ಇಷ್ಟೆಲ್ಲ ಅನಾಹುತ ಮಾಡಿದವಳು, ಇಲ್ಲಿ ಮಾತ್ರ ಹೇಗೆ ಹೇಳಲಿ? ಇಲ್ಲ ಎಂದು ಟೈಪು ಮಾಡಿದೆ. ಅದನ್ನೂ ಅಳಿಸಿದೆ. ಇಲ್ಲ ಎಂದ ಮೇಲೆ ಉಳಿದ ಮಾತುಗಳು ತಾವಾಗಿ ಬರುವುದಿಲ್ಲ.

ಮರುದಿನ ನಸುಕಿಗೆ ಎದ್ದು, ನೀರಿನ ಲೋಟ ಹಿಡಿದು, ಆಯಿಯನ್ನು ಮೆಲ್ಲಗೆ ಹತ್ತಿಸಿಕೊಂಡು ಹೋಗಿ, ತಾರಸಿಯ ಕೊನೆಯ ಮೆಟ್ಟಿಲ ಮೇಲೆ ಅವಳ ಜೊತೆ ಕುಳಿತೆ. ಆಯಿ ಗಟ್ಟಿಯಾಗಿದ್ದಳು, ನನಗಿಂತ ಚೆನ್ನಾಗಿ ನಿದ್ದೆ ಮಾಡಿದ್ದಳು. ಕಬ್ಬಿನ ಸೂಲಂಗಿಗಳ ಮೇಲೆ ಕೆಂಪು ಹರಡಿತು. ಸೂರ್ಯನ ಒಂದು ಎಳೆ ಅಂಚು ಕಾಣಿಸಿತು. ಬೆಳಕು ಬಾಗುವುದರಿಂದ, ಲೆಕ್ಕದ ಪ್ರಕಾರ, ಅವನು ಇನ್ನೂ ಮೂಡಿರಲಿಲ್ಲ.

"ಮೂಡ್ಯಾನೇನ?" ಎಂದಳು ಆಯಿ.

"ಮೂಡ್ಯಾನ."

"ಖರೇನ?"

"ಕಣ್ಣಿಗಿ ಕಾಣಾಕತ್ತಾನಲ್ಲ, ಆಯಿ. ಕುಡಿ."

ಆಯಿ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಆಮೇಲೆ ನೀರು ಕುಡಿದಳು, ಇಡೀ ಲೋಟ. ಬಾಯಿ ಒರೆಸಿಕೊಂಡ ಮೇಲೆ, ನಿನ್ನೆ ಏನು ನೋಡಿದೆ ಎಂದು ಕೇಳಿದೆ. ನಿನ್ನೆಯೇ ಹೇಳಿದ್ದೆನಲ್ಲ, ನೀವು ಯಾರು ಕೇಳಿದಿರಿ ಎಂದು ಆಕ್ಷೇಪಿಸಿ, ನಿಧಾನವಾಗಿ ಹೇಳಿದಳು. ಹೇಳಿದಂತೆ, ಅವಳದೇ ಮಾತಿನಲ್ಲಿ, ನಾನು ಟೈಪು ಮಾಡಿದೆ.

"ಮೊದಲ ಒಂದ ಚುಕ್ಕಿ ಇತ್ತ. ಆಮ್ಯಾಲ, ನೀರಾಗ ಒಂದ ಹನಿ ಹಾಲ ಬಿಟ್ರ ಹೆಂಗ ಹರಡತೈತಿ, ಹಂಗ ಹರಡಿತ. ಸಪ್ಪಳ ಇಲ್ಲ ಏನಿಲ್ಲ. ನಟ್ಟನಡುವ ಆ ಚುಕ್ಕಿ ಮುಂದ ಮುಂದ ಹೋತ. ನೋಡಕೋಂತ ಕುಂತಿದ್ನಿ. ಹಸಿವಿ ನೆನಪಾಗಲಿಲ್ಲ."

ಕೆಳಗೆ ನನ್ನದೊಂದು ಸಾಲು ಸೇರಿಸಿದೆ: "ಇದನ್ನ ನೋಡಿದಾಕಿ ನಮ್ಮ ಆಯಿ. ನಾ ಆಗ ಸೂರ್ಯಾನ ತಪ್ಪ ತಿದ್ದಾಕತ್ತಿದ್ನಿ. ಫೋನ ಮಾಡ್ತಿ ಏನ, ಎಲ್ಲಾ ಹೇಳ್ತೀನಿ." ಅಳಿಸುವ ಮನಸ್ಸು ಬರುವ ಮೊದಲೇ ಕಳಿಸಿಬಿಟ್ಟೆ.

ಅವ್ವ ಅವಲಕ್ಕಿ ತಂದು ಕುಕ್ಕಿದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ನಾನು ಮೊಬೈಲನ್ನು ಪಕ್ಕದಲ್ಲಿಟ್ಟು, ತಟ್ಟೆ ಎತ್ತಿಕೊಂಡು, ಆಯಿ ಹೇಳುವ ಮೊದಲೇ ಮೂಡಲಕ್ಕೆ ಮುಖ ತಿರುಗಿಸಿ ಕುಳಿತೆ. ಆಗ್ನೇಯಕ್ಕೆ ಕಮಲಕ್ಕನ ಮೇಲ್ಮಹಡಿ ಎಂದಿನಂತೆ ಅಡ್ಡ ನಿಂತಿತ್ತು. ಆದರೂ ಆ ಕಡೆಯೇ ನೋಡುತ್ತ ತಿಂದೆ.